ಮಸ್ಕಡೈನ್ ಬಳ್ಳಿ ತುಂಬ ಹೂ, ಕಾಯಿ ಮಾತ್ರ ಒಂದೂ ಇಲ್ಲ

ಹಿತ್ತಿಲಗಿಡ (ರಾಲಿ, ನಾರ್ತ್ ಕ್ಯಾರೊಲೈನಾ):
ನಾಲ್ಕು ವರ್ಷದ ಹಿಂದೆ ‘ಫ್ರೈ’ ಅನ್ನೋ ಮಸ್ಕಡೈನ್ ದ್ರಾಕ್ಷಿ ಸಸಿ ತಂದು ಬೇಲಿಗೆ ಹಬ್ಬಿಸಿದೆ. ಬಳ್ಳಿಯೇನೋ ಬೇಲಿ ಬಗ್ಗಿಸೋ ಹಾಗೆ ಬೆಳೆದಿದೆ. ಹೋದ ವರ್ಷ ಹೂವೆಲ್ಲ ಸಾಸಿವೆ ಚೆಲ್ಲಿದಂತೆ ಉದುರಿಹೋಯ್ತು. ಈ ಜೂನ್‌ನಲ್ಲೂ ಅದೇ ಕಥೆ. ಪಕ್ಕದಲ್ಲೇ ಇರೋ ಕಾನ್ಕಾರ್ಡ್ ದ್ರಾಕ್ಷಿ ಗೊಂಚಲು ಬಿಟ್ಟಿದೆ, ಜೇನುನೊಣಾನೂ ಬರ್ತಿವೆ. ಗೊಬ್ಬರ ಸಾಲದಾಯ್ತಾ?

ವಿಜಾಪುರದ್ರಾಕ್ಷಿ:
ಚಾಟ್ನಿ (ಬಳ್ಳಿ ಸವರೋದು) ತಪ್ಪಿರಬೇಕ್ರಿ. ನಮ್ಮ ಕಡೆ ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ ಮಾಡ್ತೀವಿ. ಹಂಗ ಬಿಟ್ರ ಬರೇ ಎಲಿ ಬರ್ತದ.

ಕೆಂಪುಮಣ್ಣು (ಜಾರ್ಜಿಯಾ):
ಅಣ್ಣಾ, ಇಲ್ಲಿ ಚಳಿಗಾಲಕ್ಕೆ ಎಲೆ ಪೂರ್ತಿ ಉದುರುತ್ತೆ. ಚಾಟ್ನಿ ಒಂದೇ ಸಲ, ಫೆಬ್ರವರಿ-ಮಾರ್ಚ್‌ನಲ್ಲಿ. ಅದು ಕೆಟ್ಟಿದ್ರೆ ಇಷ್ಟು ಹೂವೇ ಬರ್ತಿರಲಿಲ್ಲ.

ರಾಲಿಯವರೇ, ‘ಫ್ರೈ’ ಹೆಣ್ಣು ಬಳ್ಳಿ, ಕಾಯಿ ಕಟ್ಟೋಕೆ ಬೇರೆ ಬಳ್ಳಿಯ ಪರಾಗ ಬೇಕು. ಮಸ್ಕಡೈನ್ ಈ ಸೀಮೆಯದೇ ಕಾಡುದ್ರಾಕ್ಷಿ. ಕಾಡಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹಳೇ ‘ಸ್ಕಪರ್ನಾಂಗ್’, ದಪ್ಪ ಹಣ್ಣಿನ ‘ಸುಪ್ರೀಮ್’ ಕೂಡ ಹೆಣ್ಣೇ. ಕಾನ್ಕಾರ್ಡ್ ಪರಾಗ ಇದಕ್ಕೆ ಆಗಿಬರಲ್ಲ. ಅದರ ಕ್ರೋಮೋಸೋಮ್ 38, ಇದರದು 40. ಸಾಲದ್ದಕ್ಕೆ ಅದು ಮೊದಲೇ ಹೂ ಮುಗಿಸಿರುತ್ತೆ.

ತಡವಾಗಿ ಅರಳಿದ ಹೂವಿದ್ರೆ, ಮೊಗ್ಗಿನ ಹಸಿರು ಟೋಪಿ ಕಳಚಿರೋದನ್ನ ಭೂತಗನ್ನಡಿ ಇಟ್ಟು ನೋಡಿ. ಕೇಸರಗಳು ನೆಟ್ಟಗೆ ನಿಂತಿದ್ರೆ ದ್ವಿಲಿಂಗಿ (ಒಂದೇ ಹೂವಲ್ಲಿ ಗಂಡೂ ಹೆಣ್ಣೂ), ಕೆಳಗೆ ಬಾಗಿ ಮುದುಡಿದ್ರೆ ಹೆಣ್ಣು. ದ್ವಿಲಿಂಗಿ ತಳಿ ಒಂದನ್ನ 50 ಅಡಿಯೊಳಗೆ ನೆಡಿ. ‘ಕಾರ್ಲೋಸ್’ ಆಗಬಹುದು, 1970ರಲ್ಲಿ ನಿಮ್ಮ ರಾಜ್ಯದಲ್ಲೇ ಬಿಡುಗಡೆಯಾದದ್ದು. ಗೊಬ್ಬರ ಸುರಿಯಬೇಡಿ, ಇನ್ನಷ್ಟು ಎಲೆ ಬರುತ್ತೆ ಅಷ್ಟೇ.

ಹಿತ್ತಿಲಗಿಡ:
ನೋಡಿದೆ. ಕೇಸರ ಎಲ್ಲ ಸೊಪ್ಪಾಗಿ ಬಾಗಿವೆ! ನರ್ಸರಿಯಲ್ಲಿ ಒಂದು ಮಾತು ಹೇಳಿದ್ರೆ ಎರಡು ಸಸಿ ತರ್ತಿದ್ದೆ. ಮನೆಯವರಿಗೆ ಕಪ್ಪು ಹಣ್ಣೇ ಬೇಕಂತೆ, ನಮ್ಮ ಬೆಂಗಳೂರು ಬ್ಲೂ ತರಹ ಸಿಪ್ಪೆ ಹಿಸುಕಿದ್ರೆ ತಿರುಳು ಜಾರಬೇಕು. ‘ನೋಬಲ್’ ತಳಿ ನಡೆಯುತ್ತಾ?

ಕೆಂಪುಮಣ್ಣು:
ನಡೆಯುತ್ತೆ, ಅದೂ ದ್ವಿಲಿಂಗಿ. ಹಣ್ಣು ಸಣ್ಣದು, ಜ್ಯೂಸ್‌ಗೆ ಚೆನ್ನ. ಸಿಪ್ಪೆ ಬೆಂಗಳೂರು ಬ್ಲೂಗಿಂತ ದಪ್ಪ, ಅದನ್ನ ಮೊದಲೇ ಹೇಳಿಬಿಡಿ! ಎರಡು ಬಳ್ಳಿ ನಡುವೆ 20 ಅಡಿ ಇರಲಿ. ಹೊಸದು ಹೂ ಬಿಡೋಕೆ ಎರಡು-ಮೂರು ವರ್ಷ ಹಿಡಿಯುತ್ತೆ. ಚಾಟ್ನಿ ಮಾಡಿದ ಕಡೆ ನೀರು ತೊಟ್ಟಿಕ್ಕಿದ್ರೆ ಗಾಬರಿಯಾಗಿ ಇಲ್ಲಿ ಮತ್ತೆ ಬರೆಯಬೇಡಿ, ಅದು ಮಾಮೂಲು.

ವಿಜಾಪುರದ್ರಾಕ್ಷಿ:
ಹೆಣ್ ಬಳ್ಳಿ, ಗಂಡ್ ಬಳ್ಳಿ... ನಮ್ಮ ಥಾಮ್ಸನ್ ದ್ರಾಕ್ಷಿಗೆ ಈ ರಗಳೆ ಇಲ್ಲ ಬಿಡ್ರಿ.