ಟ್ಯಾಂಕ್ ನೀರಿಗೆ ಗಟಾರದ ವಾಸನೆ: ಬ್ಲೀಚಿಂಗ್ ಪೌಡರ್ ಸುರಿಯುವ ಮೊದಲು ಏನು ಮಾಡಬೇಕು?

ಪ್ರಶ್ನೆ (ಸೊಸೈಟಿ ಸೆಕ್ರೆಟರಿ, ಧಾಯರಿ, ಪುಣೆ): ನಮಸ್ಕಾರ ಸರ್. ನಿನ್ನೆ ರಾತ್ರಿಯಿಂದ ನಮ್ಮ ಸೊಸೈಟಿಯ ನಳದ ನೀರು ಹಳದಿಯಾಗಿದೆ, ಗಟಾರದ ವಾಸನೆ ಬರ್ತಿದೆ. ಇಬ್ಬರು ಮಕ್ಕಳಿಗೆ ಭೇದಿ ಶುರುವಾಗಿದೆ. ಟಿಡಿಎಸ್ ಮೀಟರ್ ಹಾಕಿದೆ, 190 ತೋರಿಸಿತು. ಅಂದ್ರೆ ನೀರು ಸರಿ ಇದೆ ಅಲ್ವಾ? ಕಮಿಟಿಯವರು ಈಗಲೇ ಸಂಪಿಗೆ ಬ್ಲೀಚಿಂಗ್ ಪೌಡರ್ ಸುರಿಯೋಣ ಅಂತಿದ್ದಾರೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಜಿಬಿಎಸ್ (ನರಗಳಿಗೆ ಪೆಟ್ಟು ಕೊಡುವ ಗಿಲ್ಲಿಯನ್-ಬಾರೆ ಕಾಯಿಲೆ) ಹಬ್ಬಿದ ಮೇಲೆ ಇಲ್ಲಿ ಎಲ್ಲರಿಗೂ ನೀರಿನದೇ ಭಯ.

ಉತ್ತರ (ನೀರು ಶುದ್ಧೀಕರಣ ಎಂಜಿನಿಯರ್): ಪೌಡರ್ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಪಂಪ್ ಬಂದ್ ಮಾಡಿ. ಸಂಪಿಗೆ ಬರುವ ವಾಲ್ವ್, ಮೇಲಿನ ಟ್ಯಾಂಕಿನಿಂದ ಇಳಿಯುವ ವಾಲ್ವ್ ಎರಡನ್ನೂ ಮುಚ್ಚಿಸಿ. ಕುಡಿಯಲು, ಅಡುಗೆಗೆ, ಹಲ್ಲುಜ್ಜಲು, ತರಕಾರಿ ತೊಳೆಯಲು ಈ ನೀರು ಬೇಡ ಅಂತ ಪ್ರತಿ ಮನೆಗೂ ಹೇಳಿಸಿ. ವಾಟ್ಸಾಪ್ ಒಂದೇ ಸಾಲದು, ವಯಸ್ಸಾದವರ ಮನೆಗೆ ವಾಚ್‌ಮನ್ ಹೋಗಿ ಬಾಗಿಲು ತಟ್ಟಲಿ. ಮಕ್ಕಳನ್ನು ಡಾಕ್ಟರಿಗೆ ತೋರಿಸಿ, ನೀರಿನ ವಿಷಯವನ್ನೂ ಹೇಳಿ. ಜಿಬಿಎಸ್ ರೋಗಿಗಳಲ್ಲಿ ಕೆಲವರ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತ್ತು. ಹಾಗಾಗಿ ಮಲ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನೇ ಕೇಳಿ.

ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಲವಣ ಎಷ್ಟು ಅಂತ ಮಾತ್ರ ಹೇಳುತ್ತೆ. ಅದಕ್ಕೆ ಕ್ರಿಮಿ ಕಾಣುವುದಿಲ್ಲ. ಆದರೂ ಒಂದು ಉಪಯೋಗ ಇದೆ. ಪುಣೆಗೆ ಬರುವ ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ಮೆದು ನೀರು, ಅದರಲ್ಲಿ ಲವಣ ಕಡಿಮೆ. ಬೋರ್‌ವೆಲ್ ಅಥವಾ ಟ್ಯಾಂಕರ್ ಸೇರಿಸದೆ ನಿಮ್ಮಲ್ಲಿ ದಿನಾ 80 ಬರ್ತಿದ್ದು ಇವತ್ತು 190 ಆಗಿದ್ದರೆ, ಏನೋ ಬೆರೆತಿದೆ ಅಂತಲೇ ಅರ್ಥ. ದಿನದ ಲೆಕ್ಕ ಬರೆದಿಟ್ಟಿಲ್ಲ ಅಂದ್ರೆ 190ಕ್ಕೆ ಅರ್ಥವೇ ಇಲ್ಲ.

ಪೌಡರ್ ಯಾಕೆ ಬೇಡ ಅಂದೆ ಅಂದ್ರೆ, ಕ್ಲೋರಿನ್ ಬಿದ್ದ ಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ಮೊದಲಿದ್ದ ಕ್ರಿಮಿ ಸಿಗದೇ ಹೋಗಬಹುದು. ವರದಿ 'ಸುರಕ್ಷಿತ' ಅಂತ ಬರುತ್ತೆ, ಗಟಾರದ ನೀರು ಒಳಬರುವ ಬಿರುಕು ಹಾಗೇ ಉಳಿಯುತ್ತೆ, ಮುಂದಿನ ತಿಂಗಳು ಮತ್ತೆ ಇದೇ ಕಥೆ. ಸಂಪಿಗೆ ಬೀಳುವ ಮೊದಲಿನ ಲೈನ್, ಸಂಪ್, ಒಂದು ಫ್ಲಾಟಿನ ನಳ, ಈ ಮೂರು ಕಡೆಯಿಂದ ಸ್ಯಾಂಪಲ್ ತೆಗೆಯಿರಿ. ಲೈನ್ ನೀರು ಹಿಡಿಯುವಷ್ಟು ಹೊತ್ತು ಆ ವಾಲ್ವ್ ತೆರೆದರೆ ಸಾಕು. ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಅದರೊಳಗೆ ಕ್ಲೋರಿನ್ ತಟಸ್ಥ ಮಾಡುವ ಥಯೋಸಲ್ಫೇಟ್ ಇರುತ್ತೆ, ತೊಳೆದು ಬಿಡಬೇಡಿ! ಐಸ್ ಡಬ್ಬಿಯಲ್ಲಿಟ್ಟು ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ಮುಟ್ಟಿಸಿ. ಪುಣೆಯಲ್ಲೇ ರಾಜ್ಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಇದೆ.

ವರದಿ ಬರುವವರೆಗೆ ಡಿಪಿಡಿ ಕ್ಲೋರಿನ್ ಕಿಟ್ ಸಾಕು. ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಬಣ್ಣದ ಪಟ್ಟಿ ಜೊತೆ ಹೋಲಿಸಿ ನೋಡೋದು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲೀ ನೀರಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಲೈನಿನಲ್ಲಿ ಕ್ಲೋರಿನ್ ಇದ್ದು ಸಂಪಿನಲ್ಲಿ ಸೊನ್ನೆ ಆಗಿದ್ದರೆ ತಪ್ಪು ನಿಮ್ಮ ಕಾಂಪೌಂಡಿನ ಒಳಗೇ ಇರಬಹುದು. ಎರಡೂ ಕಡೆ ಸೊನ್ನೆ ಅಂದ್ರೆ ಪಕ್ಕದ ಸೊಸೈಟಿಗೂ ಕೇಳಿ, ವಾರ್ಡಿನ ನೀರು ವಿಭಾಗಕ್ಕೆ ಫೋನ್ ಮಾಡಿ. ಹೊತ್ತು ಕಟ್ಟಿ ನೀರು ಬಿಡುವ ಊರಲ್ಲಿ, ಲೈನ್ ಖಾಲಿ ಇದ್ದಾಗ ಒಡೆದ ಜಾಗದಿಂದ ಗಟಾರದ ನೀರು ಒಳಗೆ ಸೇರಿಬಿಡುತ್ತೆ.

ಸೆಕ್ರೆಟರಿ: ಲೈನಲ್ಲಿ 0.4, ಸಂಪಲ್ಲಿ ಸೊನ್ನೆ. ಡ್ರೈನೇಜ್ ಚೇಂಬರ್ ಸಂಪಿಗೆ ಅಂಟಿಕೊಂಡೇ ಇದೆ ಸರ್. ಸ್ಯಾಂಪಲ್ ಹೋಯ್ತು.

ಉತ್ತರ: ಹಾಗಾದ್ರೆ ಅನುಮಾನ ಚೇಂಬರ್ ಮೇಲೇ. ಸಂಪ್ ಖಾಲಿ ಮಾಡಿಸಿ. ಆದರೆ ಯಾರನ್ನೂ ಒಬ್ಬರೇ ಒಳಗಿಳಿಸಬೇಡಿ. ಗಟಾರದ ಗ್ಯಾಸ್ ಸೇರಿದ ಸಂಪಿನಲ್ಲಿ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಟ್ಯಾಂಕ್ ತೊಳೆಯೋದನ್ನೇ ಕೆಲಸ ಮಾಡಿಕೊಂಡವರನ್ನು ಕರೆಸಿ, ಗಾಳಿ ಹಾಯಿಸಿ, ಗ್ಯಾಸ್ ನೋಡಿ ಆಮೇಲೆ ಇಳಿಯಲಿ. ಚೇಂಬರ್, ಬಿರುಕು ಎರಡೂ ರಿಪೇರಿ ಆಗಿ, ಸಂಪ್ ಉಜ್ಜಿ ಮತ್ತೆ ನೀರು ತುಂಬಿಸಿದ ಮೇಲೆ ಕ್ಲೋರಿನ್. ಲೀಟರಿಗೆ 50 ಮಿಲಿಗ್ರಾಂ ಹಿಡಿದರೆ 10,000 ಲೀಟರ್ ಸಂಪಿಗೆ 25% ಶಕ್ತಿಯ ಪೌಡರ್ 2 ಕಿಲೋ. ಹಳೇ ಚೀಲದ ಪೌಡರಿಗೆ ಅಷ್ಟು ಶಕ್ತಿ ಇರೋದಿಲ್ಲ, ಹೊಸದು ತನ್ನಿ. ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ. ಟಾಯ್ಲೆಟ್ ಆಸಿಡ್ ಹತ್ತಿರವೂ ಬರಬಾರದು, ವಿಷದ ಗ್ಯಾಸ್ ಏಳುತ್ತೆ. 24 ಗಂಟೆ ಬಿಟ್ಟು ಪೂರ್ತಿ ಚೆಲ್ಲಿ. ಮೇಲಿನ ಟ್ಯಾಂಕಿಗೂ, ಪೈಪಿಗೂ ಇದೇ ಉಪಚಾರ. ಒಂದು ಕಿವಿಮಾತು: ಕ್ಲೋರಿನ್ ತುಂಬಾ ಜಾಸ್ತಿ ಇದ್ದರೆ ಡಿಪಿಡಿಯ ಗುಲಾಬಿ ಬಣ್ಣವೇ ಮಾಯವಾಗುತ್ತೆ. ಬಣ್ಣ ಬರಲಿಲ್ಲ ಅಂತ ಇನ್ನಷ್ಟು ಸುರಿಯಬೇಡಿ, ಸ್ಯಾಂಪಲಿಗೆ ಬೇರೆ ಶುದ್ಧ ನೀರು ಬೆರೆಸಿ ಇನ್ನೊಮ್ಮೆ ನೋಡಿ.

ಪ್ರಶ್ನೆ (ಮುಲುಂಡ್, ಮುಂಬೈ): ಅಣ್ಣಾ, ಅಮೆರಿಕದಲ್ಲಿ ಇಂಥದ್ದಕ್ಕೆ ಎಮರ್ಜೆನ್ಸಿ ಕಿಟ್ಟೇ ಇರುತ್ತಂತೆ. ನಾವೂ ತರಿಸಬಹುದಾ?

ಉತ್ತರ: ಅಲ್ಲಿನ ಪರಿಸರ ಸಂಸ್ಥೆ ಇಪಿಎ 2003ರಲ್ಲಿ ಇದಕ್ಕೊಂದು ಮಾರ್ಗಸೂಚಿ ತಂದಿತು. ಸ್ಥಳದಲ್ಲೇ ನೋಡುವ ಪರೀಕ್ಷೆಗಳು ಅದರಲ್ಲಿವೆ: ಕ್ಲೋರಿನ್, ಪಿಎಚ್, ವಿದ್ಯುತ್ ವಾಹಕತೆ, ಸಯನೈಡ್, ವಿಕಿರಣ. ನನಗೆ ಅದರಲ್ಲಿ ಹಿಡಿಸಿದ್ದು ಯಂತ್ರ ಅಲ್ಲ, ಕ್ರಮ. ಕೆಡುಕು 'ಆಗಿರಬಹುದು', 'ನಂಬುವಂತಿದೆ', 'ಖಚಿತವಾಯ್ತು' ಅಂತ ಮೂರು ಹಂತ. ಪ್ರತಿ ಹಂತಕ್ಕೂ ಏನು ಮಾಡಬೇಕು ಅಂತ ಮೊದಲೇ ಬರೆದಿಡುತ್ತಾರೆ. ನಮಗೆ ಸಯನೈಡ್ ಕಿಟ್ ಸುಮ್ನೆ ಖರ್ಚು. ಕ್ಲೋರಿನ್ ಕಿಟ್, ವಾಲ್ವ್‌ಗಳ ನಕ್ಷೆ, ಫೋನ್ ನಂಬರ್ ಪಟ್ಟಿ, ದಿನದ ಲೆಕ್ಕದ ಪುಸ್ತಕ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಇರಲಿ.

ಪ್ರಶ್ನೆ (ಕೋಥ್ರೂಡ್): ಮನೆಯಲ್ಲಿ ಆರ್‌ಒ ಇದೆ. ಆದರೂ ಕುದಿಸಬೇಕಾ ಸರ್?

ಉತ್ತರ: ಹೌದು ಮೇಡಂ. ಗಟಾರದ ನೀರು ಸೇರಿದ ಅನುಮಾನ ಇದ್ದಾಗ ಆರ್‌ಒ ಮೇಲೆ ಭಾರ ಹಾಕಬೇಡಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಆದರೆ ಡೀಸೆಲ್ ಅಥವಾ ಔಷಧಿಯ ವಾಸನೆ ಇದ್ದರೆ ಕುದಿಸಿ ಪ್ರಯೋಜನ ಇಲ್ಲ, ಬೇರೆ ನೀರು ತರಿಸಿ. ಎಲ್ಲ ಸರಿಹೋದ ಮೇಲೆ ಆರ್‌ಒ ಫಿಲ್ಟರ್ ಬದಲಾಯಿಸಿ, ಅದರ ಟ್ಯಾಂಕ್ ತೊಳೆಸಿ. ಕಲುಷಿತ ನೀರು ಅದರೊಳಗೂ ಕೂತಿರುತ್ತೆ.