‘ಲೆಟ್’ ಅಂದರೆ ಬಿಡುವುದೋ, ತಡೆಯುವುದೋ?

ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಇರುತ್ತದೆ, ಗಮನಿಸಿದ್ದೀರಾ? ಇದನ್ನು ತಂದವರು ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಓಡಾಡಲು ಅನುವು ಮಾಡಿಕೊಡಿ ಅಂತ. ಲೆಟ್ ಅಂದರೆ ಬಿಡು ಅಂತ ಶಾಲೆಯಲ್ಲಿ ಕಲಿತವಳು ನಾನು. ಬಿಡುವುದೂ ಇಲ್ಲದೆ, ಅಡ್ಡಿಯೂ ಇಲ್ಲದೆ ಹೋಗುವುದು ಹೇಗೆ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ.

ಇಲ್ಲಿರುವುದು ಬೇರೆಯೇ ಲೆಟ್. ಹಳೆಯ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳಿದ್ದವು. ‘ಲ್ಯಾಟನ್’ ಅಂದರೆ ಬಿಡು, ‘ಲೆಟ್ಟನ್’ ಅಂದರೆ ತಡೆ. ಕಾಲ ಕಳೆದಂತೆ ಉಚ್ಚಾರಣೆ ಸವೆದು ಎರಡೂ ‘ಲೆಟ್’ ಆಗಿಬಿಟ್ಟವು. ಹೀಗೆ ಒಂದೇ ಪದ ಎದುರುಬದುರು ಅರ್ಥ ಹೊತ್ತುಕೊಂಡು ನೂರಾರು ವರ್ಷ ನಡೆಯಿತು.

1611ರ ಇಂಗ್ಲಿಷ್ ಬೈಬಲಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ವಿಮೋಚನಕಾಂಡದ 5ನೇ ಅಧ್ಯಾಯದ ಮೊದಲ ವಚನದಲ್ಲಿ ಮೋಶೆ ಮತ್ತು ಆರೋನ ಈಜಿಪ್ಟಿನ ಅರಸ ಫರೋಹನಿಗೆ ‘ಲೆಟ್ ಮೈ ಪೀಪಲ್ ಗೋ’ ಅನ್ನುತ್ತಾರೆ, ಅಂದರೆ ನನ್ನ ಜನರನ್ನು ಬಿಟ್ಟುಬಿಡು ಎಂಬ ದೇವರ ಮಾತನ್ನು ಮುಟ್ಟಿಸುತ್ತಾರೆ. ಮೂರೇ ವಚನ ದಾಟಿದರೆ ಅದೇ ಅರಸ ಅವರಿಬ್ಬರನ್ನು ಕೇಳುವುದು, ನೀವು ಯಾಕೆ ಜನರನ್ನು ಕೆಲಸದಿಂದ ‘ಲೆಟ್’ ಮಾಡುತ್ತಿದ್ದೀರಿ ಅಂತ. ಇಲ್ಲಿ ಅದು ತಡೆಯುವುದು! ಒಂದೇ ಅಧ್ಯಾಯದಲ್ಲಿ ಎರಡೂ ಇವೆ, ಆಗಿನ ಓದುಗರು ಸಂದರ್ಭ ನೋಡಿಯೇ ಬೇರೆ ಮಾಡಿಕೊಳ್ಳುತ್ತಿದ್ದರು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ತಂದೆಯ ಪ್ರೇತದ ಹಿಂದೆ ಹೊರಟಾಗ, ಹಿಡಿದುಕೊಂಡ ಗೆಳೆಯರಿಗೆ, ನನ್ನನ್ನು ‘ಲೆಟ್’ ಮಾಡುವವನನ್ನೇ ಪ್ರೇತ ಮಾಡುತ್ತೇನೆ ಅನ್ನುತ್ತಾನೆ. ಇದನ್ನು ‘ಬಿಡುವವನನ್ನು’ ಅಂತ ಓದಿದರೆ ಮಾತೇ ಕೆಟ್ಟುಹೋಗುತ್ತದೆ.

ಬಿಡುವ ಲೆಟ್‌ಗೆ ನಮ್ಮ ‘ಬಿಡು’ ಎಷ್ಟು ಹತ್ತಿರ ನೋಡಿ. ಹೋಗಲು ಬಿಡು, ಮನೆ ಬಾಡಿಗೆಗೆ ಬಿಡು. ಬೆಂಗಳೂರಿನ ಗೇಟುಗಳಲ್ಲಿ ತೂಗುವ ‘ಟು ಲೆಟ್’ ಇದೇ ಲೆಟ್. ನಡುಗಾಲದ ಇಂಗ್ಲಿಷಿನಲ್ಲಿ ಇದಕ್ಕೆ ‘ಮಾಡಿಸು’ ಎಂಬ ಅರ್ಥವೂ ಇತ್ತು. ಕೋಟೆ ‘ಲೆಟ್ ಮೇಕ್’ ಅಂದರೆ ಕೋಟೆ ಕಟ್ಟಿಸಿದ. ನಮಗೆ ಅದಕ್ಕೆ ಬರೀ ‘ಇಸು’ ಸಾಕು.

ತಡೆಯುವ ಲೆಟ್ ನನಗೆ ಇನ್ನೂ ಇಷ್ಟ. ಅದು ಹುಟ್ಟಿದ್ದು ‘ಲೇಟ್’ ಎಂಬ ಪದದ ಹಳೆಯ ರೂಪದಿಂದ. ತಡ ಮಾಡಿಸುವುದೇ ತಡೆಯುವುದು. ಕನ್ನಡದಲ್ಲಿ ತಡ, ತಡೆ ಪಕ್ಕಪಕ್ಕ ಇಟ್ಟು ನೋಡಿ. ಎರಡು ಭಾಷೆಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ, ಆದರೂ ಎರಡೂ ಕಡೆ ನಿಧಾನ ಮತ್ತು ಅಡ್ಡಿ ಒಟ್ಟಿಗೇ ಇವೆ.

ಕ್ರಿಯಾಪದವಾಗಿ ಈ ತಡೆಯುವ ಲೆಟ್ ಬಳಕೆ ತಪ್ಪಿಹೋಗಿದೆ. ನಾಮಪದವಾಗಿ ಉಳಿದಿರುವುದು ಕಾನೂನಿನ ಮಾತಿನಲ್ಲಿ, ಪಾಸ್‌ಪೋರ್ಟಿನಲ್ಲಿ, ಆಮೇಲೆ ಟೆನಿಸ್‌ನಲ್ಲಿ. ಸರ್ವ್ ಮಾಡಿದ ಚೆಂಡು ನೆಟ್‌ಗೆ ತಾಗಿ ಸರಿಯಾದ ಜಾಗದಲ್ಲಿ ಬಿದ್ದರೆ ‘ಲೆಟ್’ ಅನ್ನುತ್ತಾರಲ್ವಾ, ನಿಘಂಟುಗಳು ಅದನ್ನೂ ಅಡ್ಡಿಯ ಅರ್ಥದ ಕೆಳಗೇ ಕೊಡುತ್ತವೆ.

ಈಗ ಪಾಸ್‌ಪೋರ್ಟಿನ ಆ ಮಾತನ್ನು ಕನ್ನಡಕ್ಕೆ ತಂದರೆ ನನಗೆ ತಟ್ಟನೆ ಬಾಯಿಗೆ ಬರುವುದು ‘ಯಾವ ಅಡ್ಡಿ ಆತಂಕವೂ ಇಲ್ಲದೆ’. ಆತಂಕ ಅಂದರೆ ಇವತ್ತು ನಾವು ಕಳವಳ ಅಂತಲೇ ತಿಳಿಯುತ್ತೇವೆ, ಮಗು ಮನೆಗೆ ಬರುವುದು ತಡವಾದರೆ ಆಗುತ್ತದಲ್ಲ, ಅದು. ಆದರೆ ‘ಅಡ್ಡಿ ಆತಂಕ’ ಅಂದಾಗ ಅದು ಕಳವಳ ಅಲ್ಲ, ತಡೆ. ಇಂಗ್ಲಿಷಿನಲ್ಲಿ ಹಿಂಡ್ರನ್ಸ್ ಜೊತೆ ನಿಂತು ಲೆಟ್ ತನ್ನ ಹಳೆಯ ಅರ್ಥ ಉಳಿಸಿಕೊಂಡಂತೆ, ನಮ್ಮಲ್ಲಿ ಅಡ್ಡಿಯ ಜೊತೆ ನಿಂತು ಆತಂಕ ಉಳಿಸಿಕೊಂಡಿದೆ. ಹಾಗಾಗಿ ಈ ಅನುವಾದ ನನಗೆ ಬರೀ ಅರ್ಥಕ್ಕೆ ಸರಿಹೊಂದುವುದಲ್ಲ, ಪದಗಳ ಚರಿತ್ರೆಗೂ ಸರಿಹೊಂದುತ್ತದೆ.

ನಿಮ್ಮ ಕಡೆ ಯಾರಾದರೂ, ಮನೆಯ ಹಿರಿಯರಾದರೂ ಸರಿ, ‘ಅಡ್ಡಿ’ ಸೇರಿಸದೆ ಬರೀ ‘ಆತಂಕ’ವನ್ನು ತಡೆ ಎಂಬ ಅರ್ಥದಲ್ಲಿ ಮಾತಿನಲ್ಲಿ ಬಳಸುವುದನ್ನು ಕೇಳಿದ್ದೀರಾ? ಕೇಳಿದ್ದರೆ ಆ ಪೂರ್ತಿ ವಾಕ್ಯವನ್ನು, ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ, ದಯವಿಟ್ಟು ಬರೆಯಿರಿ.