ಸಹಾಯ ಬೇಕು: ತೊಡೆಸಂದಿನಲ್ಲಿ ಗಂಟಿದ್ದರೆ ಕ್ಯಾನ್ಸರ್ ಹರಡಿದೆ ಅಂತಲೇ ಅರ್ಥವೇ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 58 ವರ್ಷ. ಆರು ತಿಂಗಳು ಮೂಲವ್ಯಾಧಿ ಅಂತ ಸುಮ್ನೆ ಮುಲಾಮು ಹಚ್ಚಿದೆವು. ಬಯಾಪ್ಸಿ ಮಾಡಿಸಿದಾಗ ಗುದದ್ವಾರದ ಕ್ಯಾನ್ಸರ್ ಅಂತ ಬಂತು. ರಕ್ತ ಹೋಗುತ್ತಿದ್ದುದನ್ನು ಅಮ್ಮ ನಾಚಿಕೆಯಿಂದ ಮುಚ್ಚಿಟ್ಟಿದ್ದಳು.

ಪೆಟ್ ಸ್ಕ್ಯಾನ್ (ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡುವ ಸ್ಕ್ಯಾನ್) ಆದಮೇಲೆ ಕ್ಯಾನ್ಸರ್ ಎಷ್ಟಿದೆ ಅನ್ನೋದಕ್ಕೆ ಟಿ2 ಎನ್1ಎ ಎಂ0 ಅಂತ ಬರೆದಿದ್ದಾರೆ. ಟಿ2 ಅಂದರೆ ಗಡ್ಡೆ 2ರಿಂದ 5 ಸೆಂ.ಮೀ. ಒಳಗೆ. ಅಮ್ಮನದು 3.2. ಎಂ0 ಅಂದರೆ ಲಿವರ್, ಶ್ವಾಸಕೋಶದಂಥ ದೂರದ ಜಾಗಕ್ಕೆ ಹೋಗಿಲ್ಲ. ಇಷ್ಟು ಅರ್ಥವಾಯಿತು. ನನಗೆ ಗೊಂದಲ ಇರುವುದು ಎನ್1ಎ ಬಗ್ಗೆ. ಬಲ ತೊಡೆಸಂದಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ತಗುಲಿದೆಯಂತೆ. ಅದು ಹತ್ತಿರದ ಗ್ರಂಥಿ, ದೂರ ಹರಡಿದ ಲೆಕ್ಕಕ್ಕೆ ಬರುವುದಿಲ್ಲ ಅಂದರು ಡಾಕ್ಟರು. ಆದರೆ ಒಬ್ಬರು 3ಎ ಹಂತ ಅಂತಾರೆ, ಇನ್ನೊಬ್ಬರು 2ಬಿ ಅಂತಾರೆ. ಹಂತ ಗುರುತಿಸುವ ಹಳೆಯ ಪಟ್ಟಿಗೂ ಹೊಸದಕ್ಕೂ ವ್ಯತ್ಯಾಸ ಇದೆಯಂತೆ. ಹಂತದ ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುತ್ತಾ?

ಸದ್ಯ ಆಪರೇಷನ್ ಬೇಡ, ರೇಡಿಯೇಷನ್ ಜೊತೆಗೆ ಕೀಮೋ ಅಂದಿದ್ದಾರೆ. ರಾತ್ರಿ ಅಮ್ಮ ಸೀರೆಯ ಮೇಲಿಂದಲೇ ಆ ಗಂಟನ್ನು ಒತ್ತಿ ನೋಡುತ್ತಾಳೆ. "ದೊಡ್ಡದಾಯ್ತೇನೋ ನೋಡೋ" ಅಂತಾಳೆ. ಏನು ಹೇಳಲಿ?

ಮನೆಯಲ್ಲಿ ಯಾರಿಗಾದರೂ ಇದೇ ಕ್ಯಾನ್ಸರ್ ಆಗಿ, ತೊಡೆಸಂದಿಗೂ ರೇಡಿಯೇಷನ್ ಕೊಡಿಸಿದ್ದರೆ ದಯವಿಟ್ಟು ಬರೆಯಿರಿ. ಸೋಮವಾರ ಡಾಕ್ಟರನ್ನು ನೋಡಬೇಕು. ಅವರ ಹತ್ತಿರ ಏನೇನು ಕೇಳಲಿ?